ನೆಲದ ಕಣ್ಣು, ಬಾನ ಕಣ್ಣು

ಖಗೋಳ ವಿಜ್ಞಾನದ ಮಟ್ಟಿಗೆ 1990 ಒಂದು ವಿಚಿತ್ರ ವರ್ಷ. ಆ ವರ್ಷದ ಏಪ್ರಿಲ್ 24ರಂದು ಅಮೆರಿಕದ ಡಿಸ್ಕವರಿ ನೌಕೆ ಹಬಲ್ ದೂರದರ್ಶಕವನ್ನು ಹೊತ್ತು ಮೇಲೇರಿತು. ವಾತಾವರಣದ ಗೊಡವೆಯಿಲ್ಲದ ಎತ್ತರದಿಂದ ಆಕಾಶವನ್ನು ನೋಡುವ ದೊಡ್ಡ ಕಣ್ಣೊಂದು ಮನುಷ್ಯನಿಗೆ ದಕ್ಕಿತು. ಅದೇ ವರ್ಷದ ನವೆಂಬರ್ 24ರಂದು ಹವಾಯಿ ದ್ವೀಪದ ಮೌನಾ ಕೀ ಪರ್ವತದ ನೆತ್ತಿಯಲ್ಲಿ, ಇನ್ನೂ ಅರ್ಧಂಬರ್ಧ ಕಟ್ಟಿದ್ದ ಕೆಕ್ ದೂರದರ್ಶಕ ಮೊದಲ ಬಾರಿಗೆ ಕಣ್ತೆರೆಯಿತು. ಅದರ 36 ಕನ್ನಡಿ ತುಂಡುಗಳಲ್ಲಿ ಅಂದು ಕೂರಿಸಿದ್ದುದು ಒಂಬತ್ತೇ ಒಂಬತ್ತು. ಮೊದಲನೆಯದು ಮನೆಮಾತಾಯಿತು, ಎರಡನೆಯದರ ಹೆಸರು ಇಂದಿಗೂ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಗಾಳಿಯ ಮೇಲೆಯೇ ಕಣ್ಣನ್ನು ಇಟ್ಟಾದ ಮೇಲೆ ಬೆಟ್ಟದ ಮೇಲೆ ಮತ್ತೊಂದು ಏಕೆ? ಈ ಪ್ರಶ್ನೆ ಸಹಜವಾದದ್ದು. ಹಬಲ್ ಮೇಲೇರಿ ಮೂರೂವರೆ ದಶಕ ಕಳೆದರೂ ಅದು ಹಾಗೆಯೇ ಉಳಿದಿದೆ. ಏಕೆಂದರೆ ಚಿಲಿ ದೇಶದ ಮರುಭೂಮಿಯಲ್ಲಿ ಈಗ ಏಳುತ್ತಿರುವ ದೂರದರ್ಶಕದ ಕನ್ನಡಿ 39 ಮೀಟರಿಗೂ ಅಗಲವಾದದ್ದು. ಹಬಲ್‌ನ ಕನ್ನಡಿ 2.4 ಮೀಟರು. ಜಗತ್ತಿನ ಖಗೋಳಜ್ಞರು ಹಣ ಹೆಚ್ಚಾಗಿ ಇಂಥ ಕೆಲಸಕ್ಕೆ ಕೈ ಹಾಕಿಲ್ಲ.

ದೂರದರ್ಶಕವೆಂದರೆ ದೂರದ್ದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ. ಅದರ ಮೊದಲ ಕೆಲಸ ಬೆಳಕನ್ನು ಹಿಡಿಯುವುದು. ಮಳೆ ಬರುವಾಗ ಅಂಗಳದಲ್ಲಿ ಚೊಂಬನ್ನೂ ಹಂಡೆಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಸೇರುತ್ತದೆ? ಬಾಯಿ ಅಗಲವಾದದ್ದರಲ್ಲಿ. ಕೋಟ್ಯಂತರ ವರ್ಷ ಪಯಣಿಸಿ ಬಂದ ಬೆಳಕಿನ ಹನಿಗಳನ್ನು ಹಿಡಿಯಲು ಕನ್ನಡಿಯ ಬಾಯಿ ಅಗಲವಾಗಬೇಕು. ಎರಡನೆಯ ಕೆಲಸ, ಒತ್ತೊತ್ತಾಗಿ ಇರುವ ಎರಡು ಚುಕ್ಕೆಗಳನ್ನು ಎರಡಾಗಿಯೇ ಕಾಣುವುದು. ಇದಕ್ಕೂ ಅಗಲವೇ ಬೇಕು.

ಆದರೆ ನಡುವೆ ಗಾಳಿಯಿದೆ. ಮಧ್ಯಾಹ್ನದ ಬಿಸಿಲಲ್ಲಿ ಟಾರು ರಸ್ತೆಯ ಆಚೆಗಿನ ಮರ ನಡುಗುವುದನ್ನು ಯಾರು ಕಂಡಿಲ್ಲ? ಬಿಸಿ ಗಾಳಿ, ತಣ್ಣನೆಯ ಗಾಳಿ ಒಂದರೊಳಗೊಂದು ಸುಳಿಯುವಾಗ ಬೆಳಕು ಅತ್ತಿತ್ತ ಬಾಗುತ್ತದೆ. ನಕ್ಷತ್ರ ಮಿನುಗುವುದೂ ಹೀಗೆಯೇ. ಕವಿಗಳಿಗೆ ಪ್ರಿಯವಾದ ಈ ಮಿನುಗು ಖಗೋಳಜ್ಞನ ಪಾಲಿಗೆ ಶಾಪ. ಗಾಳಿಯ ಕುಲುಕಾಟಕ್ಕೆ ಸಿಕ್ಕ ಐದು ಮೀಟರಿನ ಕನ್ನಡಿ ರಾಶಿ ರಾಶಿ ಬೆಳಕನ್ನು ಹಿಡಿದೀತು. ಸೂಕ್ಷ್ಮ ವಿವರ ಕಾಣುವುದರಲ್ಲಿ ಮಾತ್ರ ಅದು ಒಂದು ಗೇಣಗಲದ ಕನ್ನಡಿಗಿಂತ ಹೆಚ್ಚೇನೂ ಅಲ್ಲ. ಎತ್ತರದ ಪರ್ವತಗಳ ಮೇಲಿನ ನಿಶ್ಚಲ ಗಾಳಿಯೊಂದೇ ಇದಕ್ಕೆ ಮದ್ದು ಎಂದು ನ್ಯೂಟನ್ 1704ರಷ್ಟು ಹಿಂದೆಯೇ ಬರೆದಿದ್ದ. ಗಾಳಿಯ ಇನ್ನೊಂದು ಉಪದ್ರವವಿದೆ. ಅದು ಬೆಳಕನ್ನು ಅಲುಗಿಸುವುದಷ್ಟೇ ಅಲ್ಲ, ನುಂಗಿಯೂ ಹಾಕುತ್ತದೆ. ಅತಿನೇರಳೆ ಕಿರಣಗಳ ಹೆಚ್ಚಿನ ಪಾಲು ಕೆಳಗಿಳಿಯುವುದೇ ಇಲ್ಲ. ಅವಕೆಂಪು ಕಿರಣಗಳಲ್ಲಿ ಬಹುಭಾಗವನ್ನು ನೀರಾವಿ ಹೀರಿಬಿಡುತ್ತದೆ. ನುಂಗುವುದು, ಅಲುಗಿಸುವುದು - ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಡಬೇಕು. ಎರಡನೆಯದಕ್ಕೆ ನೆಲದ ಮೇಲೆಯೇ ಮದ್ದು ಸಿಕ್ಕಿದೆ, ಮೊದಲನೆಯದಕ್ಕೆ ಸಿಕ್ಕಿಲ್ಲ.

ಇದಕ್ಕೆ ಹತ್ತಿರದ ನಿದರ್ಶನವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ನಿಲ್ಲಿಸಿದ, 1986ರಲ್ಲಿ ವೇಣು ಬಾಪ್ಪು ಅವರ ಹೆಸರಿಟ್ಟ ದೂರದರ್ಶಕದ ಕನ್ನಡಿ 2.34 ಮೀಟರಿನದು. ಹಬಲ್‌ನದಕ್ಕಿಂತ ಆರೇ ಸೆಂಟಿಮೀಟರ್ ಕಡಿಮೆ. ಆದರೂ ಹಬಲ್ ತೆಗೆದ ಚಿತ್ರ ಹತ್ತು ಪಟ್ಟಿಗಿಂತ ಹೆಚ್ಚು ಸ್ಪಷ್ಟ. ಆ ಅಂತರಕ್ಕೆ ಕಾರಣ ಗಾಜಲ್ಲ, ನಡುವಿನ ಗಾಳಿ.

ಕನ್ನಡಿಯನ್ನು ದೊಡ್ಡದು ಮಾಡುತ್ತ ಹೋದ ಕಥೆ ಒಂದು ಸಾಹಸ ಕಾದಂಬರಿಯಂತಿದೆ. ಮಸೂರದ ದೂರದರ್ಶಕಗಳ ಕಾಲ 1897ರಲ್ಲಿ, ಅಮೆರಿಕದ ಯರ್ಕೀಸ್ ವೀಕ್ಷಣಾಲಯದ 40 ಅಂಗುಲದ ಮಸೂರದೊಂದಿಗೆ, ತನ್ನ ತುದಿ ಮುಟ್ಟಿತು. ಮಸೂರದ ಮೂಲಕ ಬೆಳಕು ಹಾದುಹೋಗಬೇಕಾದ್ದರಿಂದ ಅದನ್ನು ಅಂಚಿನಲ್ಲಷ್ಟೇ ಹಿಡಿಯಬಹುದು. ಇನ್ನೂ ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಕನ್ನಡಿಗಾದರೆ ಬೆನ್ನಿನಿಂದಲೂ ಆಸರೆ ಕೊಡಬಹುದು. ಇದನ್ನರಿತು ಯರ್ಕೀಸನ್ನು ಕಟ್ಟಿಸಿದ ಜಾರ್ಜ್ ಎಲರಿ ಹೇಲ್ ಎಂಬಾತನೇ ಮುಂದೆ ಕನ್ನಡಿಗಳ ಬೆನ್ನು ಹತ್ತಿದ. ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮೇಲೆ 1908ರಲ್ಲಿ 60 ಅಂಗುಲದ್ದು, 1917ರಲ್ಲಿ 100 ಅಂಗುಲದ್ದು. ಈ ಎರಡನೆಯದಕ್ಕೆ ಫ್ರಾನ್ಸಿನಲ್ಲಿ ಎರಕ ಹೊಯ್ದದ್ದು ದ್ರಾಕ್ಷಾರಸದ ಸೀಸೆಗೆ ಬಳಸುವ ಹಸಿರು ಗಾಜನ್ನು! ಅದರ ಮುಂದೆ ಕುಳಿತೇ ಎಡ್ವಿನ್ ಹಬಲ್, ಆಂಡ್ರೊಮಿಡಾ ನೀಹಾರಿಕೆ ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ತಾರಾಸಮುದ್ರವೆಂದು ತೋರಿಸಿದ್ದು. 1929ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ ಆಧಾರ ಒದಗಿಸಿದ್ದು. ಆತನಿಗೆ ನೆರವಾದ ಮಿಲ್ಟನ್ ಹ್ಯೂಮಸನ್ ಶಾಲೆ ಬಿಟ್ಟವನು. ಅದೇ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿ ತರುತ್ತಿದ್ದವನು, ಆಮೇಲೆ ಅಲ್ಲಿ ಕಸಗುಡಿಸುವ ಕೆಲಸಕ್ಕೆ ಸೇರಿದವನು. ಕೊನೆಗೆ ಅತಿದೂರದ ತಾರಾಸಮುದಾಯಗಳ ಬೆಳಕನ್ನು ಬಿಡಿಸಿ ಅಳೆಯುವುದರಲ್ಲಿ ಅವನಿಗೆ ಸಾಟಿಯೇ ಇರಲಿಲ್ಲ.

ಹೇಲ್‌ಗೆ ತೃಪ್ತಿಯಿಲ್ಲ. 1928ರಲ್ಲಿ ರಾಕ್‌ಫೆಲರ್ ನಿಧಿಯಿಂದ 60 ಲಕ್ಷ ಡಾಲರ್ ಪಡೆದು 200 ಅಂಗುಲದ ಕನ್ನಡಿಗೆ ಹೊರಟ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಾರ್ಖಾನೆ 1934ರ ಮಾರ್ಚ್‌ನಲ್ಲಿ, ನೆರೆದ ಜನರ ಕಣ್ಣೆದುರೇ, ಪೈರೆಕ್ಸ್ ಗಾಜಿನ ಎರಕ ಹೊಯ್ದಿತು. ಭಾರ ಕಡಿಮೆ ಮಾಡಲೆಂದು ಕನ್ನಡಿಯ ಬೆನ್ನನ್ನು ಜೇನುತಟ್ಟಿಯಂತೆ ಪೊಳ್ಳಾಗಿಸುವ ಯೋಜನೆ. ಅದಕ್ಕಾಗಿ ಅಚ್ಚಿನ ತಳದಲ್ಲಿ ನೆಟ್ಟಿದ್ದ ದಿಮ್ಮಿಗಳು ಕಾವಿಗೆ ಕಿತ್ತುಬಂದು ಕುದಿಯುವ ಗಾಜಿನ ಮೇಲೆ ತೇಲತೊಡಗಿದವು. ಡಿಸೆಂಬರ್‌ನಲ್ಲಿ ಎರಡನೆಯ ಪ್ರಯತ್ನ. ಈ ಸಲ ಎರಕ ಕೂಡಿತು. ಗಾಜು ಬೇಗ ತಣಿದರೆ ಒಡೆಯುತ್ತದೆ, ಹಾಗಾಗಿ ಸುಮಾರು ಹತ್ತು ತಿಂಗಳ ಕಾಲ ಇಷ್ಟಿಷ್ಟೇ ಕಾವು ಇಳಿಸಿದರು. ನಡುವೆ 1935ರಲ್ಲಿ ಊರಿಗೆ ಪ್ರವಾಹ ನುಗ್ಗಿತು; ಗಾಜು ಹೇಗೋ ಉಳಿದುಕೊಂಡಿತು. 1936ರಲ್ಲಿ 20 ಟನ್ನಿನ ಆ ಬಿಲ್ಲೆಯನ್ನು ರೈಲಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಕಟ್ಟುನಿಟ್ಟಾದ ಕಡಿಮೆ ವೇಗದಲ್ಲಿ, ಅಮೆರಿಕದ ಈ ತುದಿಯಿಂದ ಆ ತುದಿಗೆ ಸಾಗಿಸಿದರು. ದಾರಿಯುದ್ದಕ್ಕೂ ಜನ ಜಾತ್ರೆಗೆ ಬಂದಂತೆ ಬಂದು ನೋಡಿದರು. ಆಮೇಲೆ ಉಜ್ಜುವ ಕೆಲಸ, ನಡುವೆ ಮಹಾಯುದ್ಧ. 1948ರಲ್ಲಿ ಪಾಲೋಮಾರ್ ಬೆಟ್ಟದ ಮೇಲೆ ದೂರದರ್ಶಕ ಉದ್ಘಾಟನೆಯಾಗುವಾಗ ಹೇಲ್ ತೀರಿಕೊಂಡು ಹತ್ತು ವರ್ಷವಾಗಿತ್ತು.

ಹಾಗಾದರೆ ಇನ್ನೂ ದೊಡ್ಡದನ್ನು ಮಾಡಿದರಾಯಿತಲ್ಲ? ಸೋವಿಯತ್ ಒಕ್ಕೂಟ ಅದನ್ನೇ ಮಾಡಿತು. 1975ರಲ್ಲಿ ಕಾಕಸಸ್ ಪರ್ವತದಲ್ಲಿ ಆರು ಮೀಟರಿನ ಕನ್ನಡಿ ನಿಲ್ಲಿಸಿತು. ಅದರ ತೂಕ 42 ಟನ್. ಅಷ್ಟು ದಪ್ಪ ಗಾಜು ಹಗಲಿನ ಕಾವನ್ನು ರಾತ್ರಿಯಿಡೀ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಒಲೆ ಆರಿದ ಮೇಲೂ ಬೆಚ್ಚಗಿರುವುದಿಲ್ಲವೇ, ಹಾಗೆ. ಆ ಕಾವಿಗೆ ಕನ್ನಡಿಯ ಮುಂದಿನ ಗಾಳಿ ಅಲುಗಿ ಚಿತ್ರ ಕೆಡುತ್ತದೆ. ನಿರೀಕ್ಷಿಸಿದಷ್ಟು ಫಲ ಅದರಿಂದ ಬರಲಿಲ್ಲ. ಒಂದೇ ಗಾಜಿನ ದಪ್ಪ ಕನ್ನಡಿಯ ದಾರಿ ಅಲ್ಲಿಗೆ ಮುಚ್ಚಿತು.

ದಾರಿ ತೆರೆದವನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜೆರ್ರಿ ನೆಲ್ಸನ್. ಅವನ ಯೋಚನೆ ನೆಲಕ್ಕೆ ಹಾಸುವ ಬಿಲ್ಲೆಗಳಷ್ಟು ಸರಳ: ಒಂದೇ ದೊಡ್ಡ ಕನ್ನಡಿಯ ಬದಲು ಆರು ಮೂಲೆಯ ಸಣ್ಣ ಕನ್ನಡಿಗಳನ್ನು ಜೋಡಿಸಿದರೆ? ಹೇಳಲು ಸುಲಭ. ಇಡೀ ಕನ್ನಡಿ ಒಂದೇ ಬಟ್ಟಲಿನ ಆಕಾರದಲ್ಲಿರಬೇಕಾದ್ದರಿಂದ, ನಡುವಿನ ತುಂಡಿನ ಬಾಗು ಒಂದು, ಅಂಚಿನದು ಇನ್ನೊಂದು. ಅಂಥ ಓರೆಕೋರೆ ಬಾಗನ್ನು ಉಜ್ಜಿ ತರುವುದು ಬಹಳ ಕಷ್ಟ. ನೆಲ್ಸನ್ ಕಂಡುಕೊಂಡ ಉಪಾಯ ಮೆಚ್ಚಬೇಕಾದದ್ದು. ಗಾಜಿನ ಅಂಚಿಗೆ ಲೆಕ್ಕ ಹಾಕಿ ಒತ್ತಡ ಕೊಟ್ಟು ಅದನ್ನು ಮೊದಲೇ ಬಗ್ಗಿಸುವುದು. ಬಗ್ಗಿದ ಗಾಜನ್ನು ಸಾದಾ ಗೋಲದ ಬಾಗಿಗೆ ಉಜ್ಜುವುದು. ಆಮೇಲೆ ಒತ್ತಡ ಬಿಟ್ಟುಬಿಡುವುದು. ಗಾಜು ಹಿಂದಕ್ಕೆ ಸಡಿಲಿದಾಗ ಬೇಕಾದ ಓರೆ ಬಾಗು ತಾನಾಗಿ ಮೂಡುತ್ತದೆ!

ಕೆಕ್‌ನ 36 ತುಂಡುಗಳೂ ಹೀಗೆ ಉಜ್ಜಿದವು. ಒಂದೊಂದೂ 1.8 ಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ದಪ್ಪ. ಗಾಳಿ ಬೀಸಿದರೂ, ಕೊಳವೆ ವಾಲಿದರೂ ತುಂಡುಗಳ ಅಂಚು ಹೊಂದಿಕೊಂಡೇ ಇರುವಂತೆ ಕಂಪ್ಯೂಟರ್ ಸೆಕೆಂಡಿಗೆ ಎರಡು ಬಾರಿ ಅವನ್ನು ಕೂದಲೆಳೆಯ ಸಾವಿರಾರು ಪಾಲಿನಷ್ಟು ಸರಿಸಿ ಕೂರಿಸುತ್ತದೆ. ತೂಕದ ಲೆಕ್ಕ ಇನ್ನೂ ಸೋಜಿಗದ್ದು. ಪಾಲೋಮಾರ್ ಕನ್ನಡಿ ಐದು ಮೀಟರ್, ಸಿದ್ಧವಾದ ಮೇಲಿನ ತೂಕ 14.5 ಟನ್. ಕೆಕ್ ಕನ್ನಡಿ ಹತ್ತು ಮೀಟರ್, ಒಟ್ಟು ಗಾಜಿನ ತೂಕ 14.4 ಟನ್. ಗಾಜು ಅಷ್ಟೇ, ಹಿಡಿಯುವ ಬೆಳಕು ಸುಮಾರು ನಾಲ್ಕು ಪಟ್ಟು.

ಬೇರೆಯವರು ಬೇರೆ ದಾರಿ ಹಿಡಿದರು. ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ತಿರುಗುವ ಕುಲುಮೆಯೊಂದಿದೆ. ಮೊಸರು ಕಡೆಯುವಾಗ ಮಜ್ಜಿಗೆ ನಡುವೆ ತಗ್ಗಿ ಅಂಚಿಗೆ ಏರುವಂತೆ, ಅಲ್ಲಿ ಕರಗಿದ ಗಾಜು ತಾನೇ ಬಟ್ಟಲಾಗುತ್ತದೆ. ರೋಜರ್ ಏಂಜಲ್ ರೂಪಿಸಿದ ಈ ಕ್ರಮದಲ್ಲಿ 8.4 ಮೀಟರಿನ ಕನ್ನಡಿಗಳು ಬರುತ್ತಿವೆ. ಯುರೋಪಿನವರು ಚಿಲಿಯ ಪರನಾಲ್‌ನಲ್ಲಿ ನಿಲ್ಲಿಸಿದ 8.2 ಮೀಟರಿನ ನಾಲ್ಕು ಕನ್ನಡಿಗಳ ದಪ್ಪ ಒಂದು ಗೇಣಿಗೂ ಕಡಿಮೆ. ಅಷ್ಟು ತೆಳುವಾದ್ದರಿಂದ ಅವು ಬಳುಕುತ್ತವೆ. ಬಳುಕಿದ್ದನ್ನು ಬೆನ್ನ ಹಿಂದಿನ 150 ಒತ್ತುಗಂಬಗಳು ತಿದ್ದುತ್ತಲೇ ಇರುತ್ತವೆ.

ಇನ್ನು ಮೇಲಿನ ಕಣ್ಣಿನ ಕಥೆ. ಗಾಳಿಯ ಆಚೆ ದೂರದರ್ಶಕ ಇಡಬೇಕೆಂದು ಲೈಮನ್ ಸ್ಪಿಟ್ಜರ್ ವಾದಿಸಿದ್ದು 1946ರಲ್ಲಿ, ಮೊದಲ ಉಪಗ್ರಹ ಹಾರುವುದಕ್ಕೆ ಹನ್ನೊಂದು ವರ್ಷ ಮೊದಲು. ಹಬಲ್ ಹಾರಿದ್ದು 1990ರಲ್ಲಿ; ಹಾರಿದ ಮೇಲೆ ಗೊತ್ತಾಯಿತು, ಕನ್ನಡಿಯ ಅಂಚು ಎರಡು ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿದೆ ಎಂದು. ಕನ್ನಡಿ ಉಜ್ಜಿದವರ ಕೈ ತಪ್ಪಿರಲಿಲ್ಲ. ಅಳೆಯುವ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ತಪ್ಪು ಮೊಳಗೋಲಿನಿಂದ ಕಟ್ಟುನಿಟ್ಟಾಗಿ ಅಳೆದ ಹಾಗಾಯಿತು. 1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯ ಯಾತ್ರಿಗಳು ಹೋಗಿ ಕನ್ನಡಕ ತೊಡಿಸಿದಂತೆ ದೋಷ ಸರಿಪಡಿಸಿದರು. 2009ರವರೆಗೆ ಒಟ್ಟು ಐದು ಬಾರಿ ಅದರ ದುರಸ್ತಿ ನಡೆಯಿತು. ನೌಕೆಗಳ ಸೇವೆ 2011ಕ್ಕೆ ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗಿಲ್ಲ. 2024ರಿಂದ ಅದು ಒಂದೇ ಒಂದು ಗೈರೊಸ್ಕೋಪಿನ ಬಲದ ಮೇಲೆ ದಿಕ್ಕು ಹಿಡಿದು ನಡೆಯುತ್ತಿದೆ.

ನೆಲ ಹೆಚ್ಚೋ ಬಾನು ಹೆಚ್ಚೋ ಎಂಬ ವಾದಕ್ಕೆ 1995ರ ಒಂದು ಪ್ರಸಂಗ ಒಳ್ಳೆಯ ಉತ್ತರ. ಆ ಡಿಸೆಂಬರ್‌ನಲ್ಲಿ ಹಬಲ್ ಸಪ್ತರ್ಷಿ ಮಂಡಲದ ಬಳಿ, ಏನೂ ಇಲ್ಲದಂತೆ ಕಾಣುವ ಒಂದು ಚೂರು ಆಕಾಶವನ್ನು ಹತ್ತು ದಿನ ನೋಡಿತು. ಹುಣ್ಣಿಮೆ ಚಂದ್ರನ ಅಗಲದ ಹನ್ನೆರಡನೇ ಒಂದು ಪಾಲಿನಷ್ಟು ಜಾಗ. ಅದರಲ್ಲಿ ಸುಮಾರು ಮೂರು ಸಾವಿರ ತಾರಾಸಮುದಾಯಗಳು ಕಂಡವು! ಆ ಚಿತ್ರವನ್ನು ಲೋಕವೇ ನೋಡಿತು. ಆದರೆ ಯಾವುದು ಎಷ್ಟು ದೂರದಲ್ಲಿದೆ ಎಂದು ಹೇಳಬೇಕಾದರೆ ಅದರ ಬೆಳಕನ್ನು ಕಾಮನಬಿಲ್ಲಿನಂತೆ ಬಣ್ಣಗಳಾಗಿ ಬಿಡಿಸಬೇಕು. ಒಂದು ಚಮಚ ಎಣ್ಣೆಯನ್ನು ಇಡೀ ಕಾವಲಿಗೆ ಸವರಿದ ಹಾಗೆ, ಇರುವ ಚೂರು ಬೆಳಕೂ ತೆಳುವಾಗಿ ಹರಡಿಹೋಗುತ್ತದೆ. ಹಬಲ್‌ನ ಚಿಕ್ಕ ಕನ್ನಡಿಗೆ ಅದು ಅಳವಲ್ಲ. ಆ ಕೆಲಸ ಮಾಡಿದ್ದು ಮೌನಾ ಕೀ ಮೇಲಿನ ಕೆಕ್. ಹಬಲ್ ಮುಖ ತೋರಿಸಿತು, ಕೆಕ್ ಊರು-ದೂರ ಹೇಳಿತು. ಚಿತ್ರ ಗೋಡೆಗೆ ಏರಿತು, ರೋಹಿತ ಕಡತಕ್ಕೆ ಸೇರಿತು. ಕೀರ್ತಿಯ ಹಂಚಿಕೆಯೂ ಅದರಂತೆಯೇ ಆದದ್ದು ನ್ಯಾಯವಲ್ಲ.

ಅಷ್ಟರಲ್ಲಿ ನೆಲದ ಕಣ್ಣಿಗೂ ಚಿಕಿತ್ಸೆ ಸಿಕ್ಕಿತ್ತು. ಗಾಳಿ ಬೆಳಕನ್ನು ಎಷ್ಟು ಕೆಡಿಸುತ್ತದೋ ಕ್ಷಣಕ್ಷಣಕ್ಕೂ ಅಳೆದು, ಅಷ್ಟೇ ವಿರುದ್ಧವಾಗಿ ಒಂದು ಪುಟ್ಟ ಕನ್ನಡಿಯನ್ನು ಬಗ್ಗಿಸಿದರೆ ಚಿತ್ರ ನೇರವಾಗುತ್ತದಲ್ಲವೇ ಎಂದು ಹೊರೇಸ್ ಬ್ಯಾಬ್ಕಾಕ್ 1953ರಲ್ಲೇ ಸೂಚಿಸಿದ್ದ. ಆಗ ಅದಕ್ಕೆ ಬೇಕಾದ ಕಂಪ್ಯೂಟರ್ ಇರಲಿಲ್ಲ. ಮುಂದೆ ಅಮೆರಿಕದ ರಕ್ಷಣಾ ಇಲಾಖೆ ಪರದೇಶಗಳ ಉಪಗ್ರಹಗಳ ಮೇಲೆ ಕಣ್ಣಿಡಲು ಈ ವಿದ್ಯೆಯನ್ನು ಗುಟ್ಟಾಗಿ ಬೆಳೆಸಿತು; 1991ರಲ್ಲಿ ಗುಟ್ಟು ಬಿಟ್ಟುಕೊಟ್ಟಿತು. ಗಾಳಿಯನ್ನು ಅಳೆಯಲು ಪಕ್ಕದಲ್ಲೇ ಒಂದು ಪ್ರಕಾಶಮಾನ ನಕ್ಷತ್ರ ಬೇಕು. ಇಲ್ಲದಿದ್ದರೆ? ಹಚ್ಚಿಕೊಂಡರಾಯಿತು. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಉಲ್ಕೆಗಳು ಉರಿದು ಬಿಟ್ಟುಹೋದ ಸೋಡಿಯಂನ ತೆಳು ಪದರವಿದೆ. ಕೆಳಗಿನಿಂದ ಲೇಸರ್ ಕಿರಣ ಬಿಟ್ಟರೆ ಆ ಸೋಡಿಯಂ, ಬೀದಿಯ ಸೋಡಿಯಂ ದೀಪದ ಹಳದಿಯಲ್ಲೇ, ಮಿನುಗುತ್ತದೆ. ಅದೇ ಕೃತಕ ನಕ್ಷತ್ರ.

ಇದರ ಫಲ ಏನೆಂಬುದು ಧನೂ ರಾಶಿಯ ದಿಕ್ಕಿನಲ್ಲಿ ಕಂಡಿತು. ಅಲ್ಲಿದೆ ಆಕಾಶಗಂಗೆಯ ನಡುಮನೆ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ. ಧೂಳಿನ ತೆರೆಯನ್ನು ದಾಟಿ ಬರುವ ಅವಕೆಂಪು ಕಿರಣಗಳಲ್ಲಿ ಗಾಳಿಯೂ ಬಿಟ್ಟುಕೊಡುವ ಒಂದು ಕಿಂಡಿಯಿದೆ. ಆ ಕಿಂಡಿಯಿಂದ ಆಂಡ್ರಿಯ ಘೆಜ್ ಅವರ ತಂಡ ಕೆಕ್‌ನಲ್ಲಿ, ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿಯಲ್ಲಿ, 1990ರ ದಶಕದಿಂದ ವರ್ಷಾನುಗಟ್ಟಲೆ ಕಾದು ನೋಡಿದವು. ಒಂದು ನಕ್ಷತ್ರ ಹದಿನಾರು ವರ್ಷಕ್ಕೊಮ್ಮೆ ಕಾಣದ ಯಾವುದನ್ನೋ ಸುತ್ತುತ್ತಿತ್ತು. ಲೆಕ್ಕ ಹಾಕಿದರೆ ಆ ಕಾಣದ್ದರ ತೂಕ ಸುಮಾರು 40 ಲಕ್ಷ ಸೂರ್ಯರಷ್ಟು: ಕೃಷ್ಣರಂಧ್ರ. 2020ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಈ ಕೆಲಸ ಬೆಟ್ಟದ ಮೇಲಿನದು. ಅವಕೆಂಪಿನಲ್ಲಿ ಅಷ್ಟು ಒತ್ತಾದ ನಕ್ಷತ್ರಗಳನ್ನು ಬಿಡಿಸಿ ನೋಡಲು ಹಬಲ್‌ನ ಅಗಲ ಸಾಲದು.

ಹಾಗೆಂದು ನೆಲದ್ದೇ ಗೆದ್ದಿತೆನ್ನುವಂತಿಲ್ಲ. ಗಾಳಿ ತಿದ್ದುವ ಕನ್ನಡಿ ಸರಿಮಾಡುವುದು ಆಕಾಶದ ಒಂದು ಸಣ್ಣ ತುಣುಕನ್ನು, ಅದೂ ಬಹುಮಟ್ಟಿಗೆ ಅವಕೆಂಪಿನಲ್ಲಿ. ಗಾಳಿ ನುಂಗಿದ್ದನ್ನಂತೂ ಅದು ಕಕ್ಕಿಸಲಾರದು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಇರುವುದು ಅದಕ್ಕಾಗಿಯೇ. ಬೆಚ್ಚಗಿನ ವಸ್ತುವೆಲ್ಲ ಅವಕೆಂಪು ಸೂಸುವುದರಿಂದ, ನೆಲದ ದೂರದರ್ಶಕಕ್ಕೆ ತನ್ನ ಮೈಯೇ ಹಗಲು. ವೆಬ್ ಐದು ಪದರದ ಕೊಡೆ ಹಿಡಿದು, ಸೊನ್ನೆಗಿಂತ ಇನ್ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಚಳಿಯಲ್ಲಿ, 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕುಳಿತಿದೆ. ಅದರ 6.5 ಮೀಟರಿನ ಕನ್ನಡಿ ರಾಕೆಟ್ಟಿನ ಮೂತಿಯೊಳಗೆ ಹಿಡಿಸದೆ ಮಡಿಚಿ ಕಳಿಸಬೇಕಾಯಿತು. ಆರು ಮೂಲೆಯ 18 ತುಂಡುಗಳು! ನೆಲ್ಸನ್ ಬೆಟ್ಟಕ್ಕೆಂದು ಹೂಡಿದ ಉಪಾಯ ಬಾನಿಗೂ ಏರಿತು. ಖರ್ಚು ಸುಮಾರು ಸಾವಿರ ಕೋಟಿ ಡಾಲರ್. ಕೆಟ್ಟರೆ ಅಲ್ಲಿಗೆ ಹೋಗಿ ರಿಪೇರಿ ಮಾಡುವ ಏರ್ಪಾಡಿಲ್ಲ.

ಚಿಲಿಯ ಆರ್ಮಾಜೋನೆಸ್ ಬೆಟ್ಟದಲ್ಲಿ ಯುರೋಪಿನ ರಾಷ್ಟ್ರಗಳು ಕಟ್ಟುತ್ತಿರುವ 39 ಮೀಟರಿನ ದೂರದರ್ಶಕದ ಅಂದಾಜು ಸುಮಾರು 150 ಕೋಟಿ ಯೂರೋ. 798 ತುಂಡುಗಳ ಕನ್ನಡಿ. ನೋಟ ಹಬಲ್‌ನದಕ್ಕಿಂತ ಹದಿನಾರು ಪಟ್ಟು ಮೊನಚಾಗಬೇಕೆಂಬುದು ಗುರಿ. ಅದರ ಒಳಗೆ ಗಾಳಿ ತಿದ್ದಲೆಂದೇ ಇರುವ, ಸೆಕೆಂಡಿಗೆ ಸಾವಿರ ಬಾರಿಯವರೆಗೆ ಬಾಗಬಲ್ಲ, ಎರಡು ಮಿಲಿಮೀಟರ್ ದಪ್ಪದ ಕನ್ನಡಿಯ ಅಗಲ 2.4 ಮೀಟರ್. ಅಂದರೆ ಹಬಲ್‌ನ ಮುಖ್ಯ ಕನ್ನಡಿಯಷ್ಟು! ಈ ದಶಕದ ಕೊನೆಗೆ ಅದು ಕಣ್ತೆರೆಯುವ ನಿರೀಕ್ಷೆಯಿದೆ. ನೆಲದ ಮೇಲಿನದಕ್ಕೆ ಆಯುಷ್ಯವೂ ದೀರ್ಘ. 1948ರ ಪಾಲೋಮಾರ್ ಕನ್ನಡಿಗೆ ಹೊಸ ಹೊಸ ಕ್ಯಾಮೆರಾಗಳನ್ನು ಜೋಡಿಸಿ ಇಂದಿಗೂ ದುಡಿಸುತ್ತಿದ್ದಾರೆ.

ಈಗಿನ ತೊಡಕು ಗಾಜಿನದಲ್ಲ, ಬೆಟ್ಟದ್ದು. ಅಮೆರಿಕ, ಜಪಾನ್, ಕೆನಡ ಮತ್ತು ಭಾರತದ ಸಂಸ್ಥೆಗಳು ಕೂಡಿ ಯೋಜಿಸಿದ 30 ಮೀಟರಿನ ದೂರದರ್ಶಕಕ್ಕೆ 2009ರಲ್ಲಿ ಆರಿಸಿದ್ದು ಅದೇ ಮೌನಾ ಕೀ ಶಿಖರವನ್ನು. ಹವಾಯಿಯ ಮೂಲನಿವಾಸಿಗಳಿಗೆ ಆ ಶಿಖರ ದೇವತೆಗಳ ನೆಲೆ. ಅಲ್ಲಿ ಆಗಲೇ ಹದಿಮೂರು ದೂರದರ್ಶಕಗಳು ಎದ್ದಿದ್ದವು. 2014ರ ಭೂಮಿಪೂಜೆಯನ್ನು ಜನ ತಡೆದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪರವಾನಗಿಯನ್ನು ರದ್ದು ಮಾಡಿತು, 2018ರಲ್ಲಿ ಹೊಸ ಪರವಾನಗಿಯನ್ನು ಎತ್ತಿಹಿಡಿಯಿತು. 2019ರ ಜುಲೈನಲ್ಲಿ ಮುದುಕರು, ಮುದುಕಿಯರು ರಸ್ತೆಗೆ ಅಡ್ಡ ಕುಳಿತು ಬಂಧನಕ್ಕೊಳಗಾದರು. ಇದನ್ನು ವಿಜ್ಞಾನಕ್ಕೂ ಮೌಢ್ಯಕ್ಕೂ ನಡೆದ ಜಗಳವೆಂದು ಬಣ್ಣಿಸುವವರಿದ್ದಾರೆ. ಅದು ಸರಿಯಲ್ಲ. ನಮ್ಮನ್ನು ಕೇಳದೆ ಎಷ್ಟು ಕಟ್ಟಡ ಕಟ್ಟುತ್ತೀರಿ ಎಂಬುದು ಅವರ ಪ್ರಶ್ನೆಯಾಗಿತ್ತು. 2022ರಲ್ಲಿ ಬೆಟ್ಟದ ಆಡಳಿತಕ್ಕೆ ಮೂಲನಿವಾಸಿಗಳಿಗೂ ಸ್ಥಾನವಿರುವ ಪ್ರಾಧಿಕಾರ ಬಂದಿತು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅರಿಜೋನದ ಏಳು ಕನ್ನಡಿಗಳನ್ನು ಚಿಲಿಯಲ್ಲಿ ಜೋಡಿಸುವ ಪ್ರತಿಸ್ಪರ್ಧಿ ಯೋಜನೆಯನ್ನು ಮುಂದಿನ ಹಂತಕ್ಕೆ ಆರಿಸಿತು. ಸ್ಪೇನ್ ದೇಶ ತನ್ನ ಲಾ ಪಾಲ್ಮ ದ್ವೀಪಕ್ಕೆ ಬರುವುದಾದರೆ ಹಣ ಕೊಡುವುದಾಗಿ ಮೂವತ್ತು ಮೀಟರಿನವರನ್ನು ಕರೆಯಿತು.

ಈ ದೂರದರ್ಶಕದಲ್ಲಿ ಭಾರತದ ಪಾಲು ಹತ್ತನೇ ಒಂದು. 2014ರಲ್ಲಿ ಕೇಂದ್ರ ಸಂಪುಟ ಸುಮಾರು 1,300 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತ್ತು. ಆ ಪಾಲಿನ ಬಹುಭಾಗ ಹಣವಾಗಿ ಅಲ್ಲ, ವಸ್ತುವಾಗಿ ಸಲ್ಲಬೇಕು. ಅದಕ್ಕೆಂದೇ ಬೆಂಗಳೂರಿಗೆ ಹತ್ತಿರದ ಹೊಸಕೋಟೆಯಲ್ಲಿ, ಲಡಾಖಿನ ಹಾನ್ಲೆ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವ ಖಭೌತ ಸಂಸ್ಥೆಯ ಆವರಣದಲ್ಲೇ, ಕನ್ನಡಿ ತುಂಡುಗಳನ್ನು ನೆಲ್ಸನ್ ಕ್ರಮದಂತೆ ಒತ್ತಿ, ಬಗ್ಗಿಸಿ, ಉಜ್ಜುವ ಕಾರ್ಯಾಗಾರ ಸಿದ್ಧವಾಗಿದೆ. ಪೂರ್ತಿ ಕನ್ನಡಿಗೆ ಬೇಕಾದ ತುಂಡುಗಳು 492, ಅವುಗಳಲ್ಲಿ 82 ಬಗೆಯ ಬಾಗು. ಅವನ್ನು ಯಾವ ಬೆಟ್ಟಕ್ಕೆ ಕಳಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.